ದುಡಿಮೆಯ ಸೈಕಲ್, ಭಾನುವಾರದ ಸೈಕಲ್ ಮತ್ತು ನಮ್ಮ ಮೊಣಕಾಲು

ಕೀಲು ನೋವಿಗೆಂದು ಆಸ್ಪತ್ರೆಗೆ ಬರುವವರಲ್ಲಿ ದಿನವೂ ಸೈಕಲ್ ತುಳಿಯುವವರು ಬಹಳ ಮಂದಿ ಇರುತ್ತಾರೆ. ಅವರ ಮೊದಲ ಪ್ರಶ್ನೆ, "ಸಿಸ್ಟರ್, ಇನ್ನು ಸೈಕಲ್ ಬಿಡಬೇಕೇ?" ಎಂಬುದು. ಸೈಕಲ್ ಬಿಟ್ಟರೆ ಕೆಲವರಿಗೆ ಕೆಲಸಕ್ಕೆ ಹೋಗುವ ದಾರಿಯೇ ಇಲ್ಲ. ಇನ್ನು ಕೆಲವರಿಗೆ ವಾರಕ್ಕೊಮ್ಮೆ ಗೆಳೆಯರೊಂದಿಗೆ ದೂರ ಹೋಗಿಬರುವುದೇ ಮನಸ್ಸಿಗೆ ನೆಮ್ಮದಿ. ಹೆಚ್ಚಿನವರು ಎರಡನ್ನೂ ಬಿಡಬೇಕಾಗಿಲ್ಲ. ಆದರೆ ಎರಡಕ್ಕೂ ಸೇರಿಸಿ ಒಂದು ಲೆಕ್ಕ ಇಡಬೇಕು. ಆ ಲೆಕ್ಕವನ್ನು ಈ ಪಾಠದಲ್ಲಿ ತಿಳಿಯೋಣ.

ಕೀಲಿಗೆ ಸೈಕಲ್ ಒಳ್ಳೆಯದೇ, ಕೆಟ್ಟದ್ದೇ?

ಮೊಣಕಾಲಿನಲ್ಲಿ ಮೂಳೆಯ ತುದಿಗಳಿಗೆ ನುಣುಪಾದ ಮೆದು ಮೂಳೆಯ ಹೊದಿಕೆ ಇರುತ್ತದೆ. ಈ ಹೊದಿಕೆಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕಾಲು ಮಡಚಿ ಬಿಚ್ಚಿದಾಗ ಸ್ಪಂಜನ್ನು ಹಿಂಡಿ ಬಿಟ್ಟಂತೆ ಆ ದ್ರವ ಒಳಗೆ ಹೊರಗೆ ಓಡಾಡುತ್ತದೆ. ಆದ್ದರಿಂದ ಕೀಲಿಗೆ ಚಲನೆ ಬೇಕೇ ಬೇಕು. ಪೂರ್ತಿ ಕುಳಿತುಬಿಟ್ಟರೆ ಕೀಲು ಬಿಗಿಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ನೋವು ಇನ್ನೂ ಹೆಚ್ಚುತ್ತದೆ.

ನಾವು ನಡೆಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಸೈಕಲ್ ಮೇಲೆ ನಮ್ಮ ತೂಕವನ್ನು ಸೀಟು ಹೊರುವುದರಿಂದ, ಸಮತಟ್ಟಾದ ರಸ್ತೆಯಲ್ಲಿ ಸಾವಕಾಶವಾಗಿ ತುಳಿದರೆ ಬೀಳುವ ಭಾರ ಅದಕ್ಕಿಂತ ಬಹಳ ಕಡಿಮೆ. ಮೊಣಕಾಲು ಸವೆತ ಇರುವವರಿಗೂ ವೈದ್ಯರು ಸೈಕಲ್ ವ್ಯಾಯಾಮ ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ನೋವು ಎಲ್ಲಿಂದ? ಗೇರಿಲ್ಲದ ದೊಡ್ಡ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. 7 ಕಿ.ಮೀ. ದೂರಕ್ಕೆ ಸುಮಾರು 1400 ಸುತ್ತು; ಹೋಗಿ ಬರಲು 2800 ಸುತ್ತು. ಸೀಟಿನ ಎತ್ತರದಲ್ಲಿ ಸಣ್ಣ ತಪ್ಪಿದ್ದರೂ ಅದೇ ತಪ್ಪು ದಿನಕ್ಕೆ 2800 ಸಲ ಮೊಣಕಾಲಿಗೆ ತಗಲುತ್ತದೆ.

ಸವಾರಿ ಎರಡು, ಲೆಕ್ಕ ಒಂದು

ಒಂದು ಉದಾಹರಣೆ ನೋಡೋಣ. 46 ವರ್ಷದ ಗುಮಾಸ್ತರೊಬ್ಬರು ಮನೆಯಿಂದ 7 ಕಿ.ಮೀ. ದೂರದ ಅಂಗಡಿಗೆ ವಾರದಲ್ಲಿ 6 ದಿನ ಸೈಕಲ್ ಮೇಲೆ ಹೋಗುತ್ತಾರೆ. ವಾರಕ್ಕೆ 84 ಕಿ.ಮೀ. ವರ್ಷಗಳಿಂದ ಏನೂ ತೊಂದರೆ ಇಲ್ಲ. ಮಗನ ಒತ್ತಾಯಕ್ಕೆ ಒಂದು ಭಾನುವಾರ ಗುಂಪಿನೊಂದಿಗೆ 40 ಕಿ.ಮೀ. ಹೋಗಿಬಂದರು. ಸೋಮವಾರ ಮೊಣಚಿಪ್ಪಿನ ಸುತ್ತ ನೋವು. ಅದೇ ನೋವಿನಲ್ಲಿ ಕೆಲಸಕ್ಕೂ ತುಳಿದರು. ಗುರುವಾರದ ಹೊತ್ತಿಗೆ ಮೆಟ್ಟಿಲು ಇಳಿಯಲಾಗಲಿಲ್ಲ.

"ದಿನವೂ ತುಳಿಯುವವನಿಗೆ 40 ಕಿ.ಮೀ. ಯಾವ ಲೆಕ್ಕ?" ಎಂದು ಅವರಿಗೆ ಅನ್ನಿಸಿರಬಹುದು. ಆದರೆ ಅವರ ವಾರದ ಮೊತ್ತ 84ರಿಂದ ಒಮ್ಮೆಲೇ 124 ಕಿ.ಮೀ.ಗೆ ಏರಿತು, ಹತ್ತಿರ ಹತ್ತಿರ ಒಂದೂವರೆ ಪಟ್ಟು. ಜೊತೆಗೆ ವಿಶ್ರಾಂತಿಯ ಒಂದೇ ಒಂದು ದಿನವೂ ಹೋಯಿತು. ಇದು ಕೆಲಸದ ಸೈಕಲ್, ಇದು ಸಂತೋಷದ ಸೈಕಲ್ ಎಂಬ ಭೇದ ಮೊಣಕಾಲಿಗೆ ತಿಳಿಯದು.

ವಾರದ ಮೊತ್ತವನ್ನು ಒಂದು ಸಲಕ್ಕೆ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿಸುವುದು ಒಳ್ಳೆಯ ಅಂದಾಜು. ಈ ಗುಮಾಸ್ತರು ಮೊದಲ ಭಾನುವಾರ 8 ಕಿ.ಮೀ., ಎರಡನೆಯ ವಾರ 16, ಮೂರನೆಯ ವಾರ 26, ನಾಲ್ಕನೆಯ ವಾರ 36 ಹೀಗೆ ಏರಿದ್ದರೆ ಐದನೆಯ ಭಾನುವಾರ 40 ಕಿ.ಮೀ. ಸುಲಭವಾಗುತ್ತಿತ್ತು. ವಾರದಲ್ಲಿ ಒಂದು ದಿನವಾದರೂ ಸೈಕಲ್ ಮುಟ್ಟಬೇಡಿ. ಭಾನುವಾರ ದೂರ ಹೋಗುವವರು ಸೋಮವಾರ ಬಸ್ಸಿನಲ್ಲೋ, ಜೊತೆಯವರ ಗಾಡಿಯಲ್ಲೋ ಹೋಗಬಹುದೇ ನೋಡಿ. ಆ ಅನುಕೂಲ ಇಲ್ಲದಿದ್ದರೆ ದೂರದ ಸವಾರಿಯನ್ನು ಎರಡು ವಾರಕ್ಕೊಮ್ಮೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು. ಒಂದು ಸಲಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ 12 ಸಲ ತುಳಿಯುವವರಿಗೆ 360 ನಿಮಿಷ ಕೆಲಸದ ದಾರಿಯಲ್ಲೇ ಆಗಿಬಿಡುತ್ತದೆ. ಆದ್ದರಿಂದ ಭಾನುವಾರದ ಸವಾರಿಯನ್ನು ಆರೋಗ್ಯಕ್ಕಾಗಿ ಹಟ ಹಿಡಿದು ಮಾಡಬೇಕಾಗಿಲ್ಲ. ಅದು ಸಂತೋಷಕ್ಕಾಗಿ ಇರಲಿ. ನಡುವೆ ನಿಂತು ನೀರು ಕುಡಿದು, ನೆರಳಿನಲ್ಲಿ ಕುಳಿತು ಬನ್ನಿ. ಪಂದ್ಯ ಬೇಡ.

ಸೀಟಿನ ಎತ್ತರ ಸರಿಯಿದೆಯೇ?

ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕೆಂದು ಅನೇಕರು ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ಆಗ ಮೊಣಕಾಲು ಅತಿಯಾಗಿ ಮಡಚಿ ಮೊಣಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ಸರ್ಕಾರಿ ಶಾಲೆಯ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಹಾಗೆ ಬಂದ ಸೈಕಲ್ಲನ್ನು ಮನೆಯ ದೊಡ್ಡವರು ಬಳಸುವುದೂ ಉಂಟು. ಬಳಸಲಿ, ಆದರೆ ಸೀಟನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಲಿ.

ಪರೀಕ್ಷಿಸುವ ವಿಧಾನ:

1. ಗೋಡೆ ಹಿಡಿದು ಸೀಟಿನ ಮೇಲೆ ನೇರವಾಗಿ ಕುಳಿತುಕೊಳ್ಳಿ. ದಿನವೂ ಹಾಕುವ ಪಾದರಕ್ಷೆಯೇ ಇರಲಿ.
2. ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು.
3. ಈಗ ಪಾದದ ಮುಂಭಾಗವನ್ನು ಪೆಡಲಿನ ಮೇಲಿಡಿ. ಮೊಣಕಾಲು ತುಸು ಮಡಚಿರುತ್ತದೆ. ತುಳಿಯುವಾಗ ಹೀಗೇ ಇರಬೇಕು.
4. ಸೀಟನ್ನು ಒಂದು ಸಲಕ್ಕೆ ಅರ್ಧ ಇಂಚು ಮಾತ್ರ ಏರಿಸಿ, ಎರಡು ಮೂರು ದಿನ ತುಳಿದು ನೋಡಿ. ಸೀಟಿನ ಕಂಬದ ಮೇಲಿರುವ ಗುರುತನ್ನು ದಾಟಿ ಏರಿಸಬೇಡಿ.

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಿದೆ ಎಂದು ತಿಳಿಯಿರಿ. ಹಿಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚು ಎತ್ತರವಾಗಿರಬಹುದು.

ತುಳಿಯುವ ರೀತಿ

ಹೊರಟ ಮೊದಲ ಐದು ಹತ್ತು ನಿಮಿಷ ನಿಧಾನವಾಗಿ ತುಳಿಯಿರಿ. ಗೇರ್ ಇರುವ ಸೈಕಲ್ಲಿನಲ್ಲಿ ಹಗುರವಾದ ಗೇರ್ ಹಾಕಿ, ಕಾಲು ಸಲೀಸಾಗಿ ತಿರುಗಲಿ. ಭಾರವಾದ ಗೇರಿನಲ್ಲಿ ಒತ್ತಿ ಒತ್ತಿ ತುಳಿದರೆ ಮೊಣಚಿಪ್ಪಿಗೆ ಹೊರೆ. ಗೇರಿಲ್ಲದ ಸೈಕಲ್ಲಿನವರು ಏರು ಬಂದರೆ ಇಳಿದು ತಳ್ಳಿಕೊಂಡು ಹೋಗಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಚಕ್ರಕ್ಕೆ ಗಾಳಿ, ಚೈನಿಗೆ ಎಣ್ಣೆ ಸರಿಯಾಗಿದ್ದರೆ ಕಾಲಿನ ಶ್ರಮ ಅಷ್ಟು ಕಡಿಮೆಯಾಗುತ್ತದೆ. ಕ್ಯಾರಿಯರ್ ಮೇಲೆ ಮೂಟೆ ಹೇರಿದ ದಿನವನ್ನು ಹೆಚ್ಚು ಶ್ರಮದ ದಿನವೆಂದೇ ಎಣಿಸಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಚಪ್ಪಲಿ ಬಿಟ್ಟು ಮುಚ್ಚಿದ ಶೂ ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಿ.

ನೋವನ್ನು ಅಳೆಯುವುದು

ನೋವೇ ಇಲ್ಲದಿದ್ದರೆ 0, ತಡೆಯಲಾಗದ ನೋವಿಗೆ 10 ಎಂದು ಅಂಕ ಕೊಡಿ.

0ರಿಂದ 3: ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಸವಾರಿ ಮುಂದುವರಿಸಬಹುದು.
4 ಅಥವಾ 5, ಇಲ್ಲವೇ ಬೆಳಿಗ್ಗೆ ಬಿಗಿತ ಹೆಚ್ಚಿದ್ದರೆ: ಭಾನುವಾರದ ಸವಾರಿ ನಿಲ್ಲಿಸಿ, ಕೆಲಸದ ದಾರಿಯ ತುಳಿತವನ್ನೂ ಆದಷ್ಟು ಕಡಿಮೆ ಮಾಡಿ, ಸೀಟನ್ನು ಮತ್ತೆ ಪರೀಕ್ಷಿಸಿ. ಎರಡು ವಾರದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ.
6ಕ್ಕಿಂತ ಹೆಚ್ಚು, ಅಥವಾ ಬಾವು ಇದ್ದರೆ: ಸೈಕಲ್ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ.

ನೋವಿನ ಮಾತ್ರೆ ನುಂಗಿ ಸವಾರಿಗೆ ಹೊರಡಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಹೊರೆಯನ್ನು ಇಳಿಸುವುದಿಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಆಗಬಹುದು. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಸೈಕಲ್ ಒಂದೇ ಸಾಲದು

ಸೈಕಲ್ ಮೇಲೆ ಮೂಳೆಗೆ ತೂಕ ಬೀಳದ ಕಾರಣ ಮೂಳೆ ಗಟ್ಟಿಯಾಗಲು ನಡಿಗೆಯೂ ಬೇಕು. ಸ್ನಾಯುಗಳಿಗೆ ವಾರದಲ್ಲಿ ಎರಡು ದಿನವಾದರೂ ಪ್ರತ್ಯೇಕ ವ್ಯಾಯಾಮ ಬೇಕು. ಮನೆಯಲ್ಲೇ ಇವನ್ನು ಮಾಡಬಹುದು:

1. ಕಾಲು ಚಾಚಿ ಕುಳಿತು ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು ಕೆಳಕ್ಕೆ ಒತ್ತಿ. 5 ಎಣಿಸಿ ಬಿಡಿ. ಹೀಗೆ 10 ಸಲ.
2. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಅಡಿ ಎತ್ತಿ. 5 ಎಣಿಸಿ ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ 10 ಸಲ.

ತಡಮಾಡದೆ ಬರಬೇಕಾದ ಲಕ್ಷಣಗಳು

• ಕೀಲು ಕೆಂಪಾಗಿ, ಬಿಸಿಯಾಗಿ ಬಾತು ಜ್ವರ ಬಂದರೆ
• ಮೊಣಕಾಲು ನಡುವೆ ಸಿಕ್ಕಿಕೊಂಡು ಬಿಚ್ಚಲಾಗದಿದ್ದರೆ, ಅಥವಾ ನಿಂತಾಗ ಕುಸಿದಂತಾದರೆ
• ಬಿದ್ದ ಮೇಲೆ ಕಾಲೂರಲು ಆಗದಿದ್ದರೆ
• ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ

ಬಿದ್ದ ಪೆಟ್ಟಿಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಳೆಸಬೇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟು ಕರೆತನ್ನಿ.

ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆ ಆದವರು ಶಸ್ತ್ರವೈದ್ಯರ ಅನುಮತಿ ಪಡೆದೇ ರಸ್ತೆಯ ಮೇಲೆ ಸೈಕಲ್ ಹತ್ತಬೇಕು. ಅದಕ್ಕೂ ಮೊದಲು ನಿಂತಲ್ಲೇ ತುಳಿಯುವ ವ್ಯಾಯಾಮ ಸೈಕಲ್ಲಿನಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ.

ಜೊತೆಗೆ ಬಂದ ಬಂಧುಗಳಿಗೆ

ಮನೆಯ ಯಜಮಾನರು ನೋವಿದ್ದರೂ ಹೇಳದೆ ಕೆಲಸಕ್ಕೆ ಹೋಗುವುದು ಸಾಮಾನ್ಯ. ಅವರು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆಯೇ, ನೆಲದಿಂದ ಏಳಲು ಕಷ್ಟಪಡುತ್ತಾರೆಯೇ ಗಮನಿಸಿ. "ಸೈಕಲ್ ಮಾರಿಬಿಡಿ" ಎಂದು ಅವಸರ ಪಡಿಸಬೇಡಿ. "ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ" ಎಂದು ಹುರಿದುಂಬಿಸಲೂ ಬೇಡಿ. ಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಕಿ.ಮೀ. ಮತ್ತು ನೋವಿನ ಅಂಕ ಬರೆದಿಡಲು ನೆರವಾಗಿ. ನಾಲ್ಕು ವಾರದ ಆ ಬರಹವನ್ನು ಮುಂದಿನ ಭೇಟಿಗೆ ತನ್ನಿ. ಎಷ್ಟು ತುಳಿಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವೈದ್ಯರು ಅದನ್ನು ನೋಡಿ ನಿಮಗೆ ತಕ್ಕಂತೆ ಹೇಳಬಲ್ಲರು.