ಕಂಪವಾತದಲ್ಲಿ ಡೋಪಮೀನಿನ ಪಾತ್ರ

ಸುಲಿದ ಬಾಳೆಹಣ್ಣಿನ ಸಿಪ್ಪೆ ಕೆಲಹೊತ್ತಿನಲ್ಲಿಯೇ ಕಪ್ಪಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಿಪ್ಪೆಯಲ್ಲಿರುವ ಡೋಪಮೀನ್ ಎಂಬ ವಸ್ತು ಒಂದು ಕಿಣ್ವದ ನೆರವಿನಿಂದ ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದುವುದೇ ಇದಕ್ಕೆ ಮುಖ್ಯ ಕಾರಣ. ಇದೇ ಡೋಪಮೀನ್ ನಮ್ಮ ಮಿದುಳಿನಲ್ಲಿಯೂ ಉಂಟು. ಅಲ್ಲಿಯೂ ಅದರಿಂದ ಕಪ್ಪು ಬಣ್ಣದ ವಸ್ತುವೊಂದು ಹುಟ್ಟುತ್ತದೆ. ಮುಪ್ಪಿನಲ್ಲಿ ಹಲವರನ್ನು ಕಾಡುವ ಕಂಪವಾತಕ್ಕೂ ಈ ರಸಾಯನ ಕ್ರಿಯೆಗೂ ಏನು ಸಂಬಂಧ? ಇದನ್ನು ಪರಿಶೀಲಿಸೋಣ.

ಮಧ್ಯಮಿದುಳಿನಲ್ಲಿ ಕಪ್ಪಾಗಿ ಕಾಣುವ ಒಂದು ಭಾಗವಿದೆ. ಅದರ ಲ್ಯಾಟಿನ್ ಹೆಸರಾದ ಸಬ್‌ಸ್ಟಾನ್ಷಿಯ ನೈಗ್ರ ಎಂಬುದಕ್ಕೆ 'ಕಪ್ಪು ವಸ್ತು' ಎಂದೇ ಅರ್ಥ. ಅಲ್ಲಿನ ನರಕೋಶಗಳು ಡೋಪಮೀನನ್ನು ತಯಾರಿಸಿ, ಅಂಗಾಂಗಗಳ ಚಲನೆಯನ್ನು ಹದಗೊಳಿಸುವ ಕೇಂದ್ರಗಳಿಗೆ ಕಳುಹಿಸುತ್ತವೆ. ಈ ಕೋಶಗಳು ಸಾಯುತ್ತ ಬಂದಂತೆ ಕೈ ನಡುಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡಿಗೆ ಮಂದವಾಗುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ರೋಗವನ್ನು ವರ್ಣಿಸಿದನು.

1912ರಲ್ಲಿ ಲೆವಿ ಎಂಬ ವಿಜ್ಞಾನಿಯು ರೋಗಿಗಳ ಮಿದುಳಿನ ಕೋಶಗಳೊಳಗೆ ದುಂಡನೆಯ ಗಂಟುಗಳನ್ನು ಕಂಡನು. ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನು ಈ ಗಂಟುಗಳ ಮುಖ್ಯ ಘಟಕವೆಂಬುದು ತಿಳಿದದ್ದು 1997ರಲ್ಲಿ. 140 ಅಮೈನೋ ಆಮ್ಲಗಳ ಈ ಸರಪಣಿ ಆರೋಗ್ಯವಂತರ ಕೋಶಗಳಲ್ಲಿಯೂ ಹೇರಳವಾಗಿದೆ. ಹೀಗಿರಲು, ಬಿಡಿಬಿಡಿಯಾಗಿರಬೇಕಾದ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದೇಕೆ?

ಕಾರಣಗಳು ಹಲವು. ಅವುಗಳಲ್ಲಿ ಒಂದು ಕೋಶದ ನಿತ್ಯದ ಚಯಾಪಚಯ ಕ್ರಿಯೆಯಲ್ಲಿಯೇ ಅಡಗಿದೆ. ಡೋಪಮೀನು ಸಾಮಾನ್ಯವಾಗಿ ಪುಟ್ಟ ಚೀಲಗಳಲ್ಲಿ ಭದ್ರವಾಗಿರುತ್ತದೆ. ಚೀಲದಿಂದ ಹೊರಗುಳಿದುದನ್ನು ಕೋಶವು ಎರಡು ಹಂತಗಳಲ್ಲಿ ಒಡೆಯುತ್ತದೆ. ಮೊದಲನೆಯ ಹಂತದಲ್ಲಿ ಡೋಪಾಲ್ ಎಂಬ ಆಲ್ಡಿಹೈಡು ಉಂಟಾಗುತ್ತದೆ. ಎರಡನೆಯದರಲ್ಲಿ ಇನ್ನೊಂದು ಕಿಣ್ವವು ಅದನ್ನು ಅಷ್ಟೇನೂ ಅಪಾಯವಿಲ್ಲದ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕಿಣ್ವದ ಕೆಲಸ ಕುಂಠಿತವಾದರೆ ಡೋಪಾಲ್ ಶೇಖರವಾಗುತ್ತದೆ.

ಆಲ್ಡಿಹೈಡುಗಳ ಗುಣವನ್ನು ವಿದ್ಯಾರ್ಥಿಗಳು ಬಲ್ಲರು. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಫಾರ್ಮಾಲಿನಿನಲ್ಲಿಟ್ಟ ಕಪ್ಪೆಯ ದೇಹ ಕೊಳೆಯದೆ ಬಿರುಸಾಗುತ್ತದೆಯಷ್ಟೆ? ಫಾರ್ಮಾಲ್ಡಿಹೈಡು ಪ್ರೋಟೀನುಗಳಲ್ಲಿರುವ ಲೈಸೀನ್ ಮುಂತಾದ ಅಮೈನೋ ಆಮ್ಲಗಳನ್ನು ಹಿಡಿದು, ಅಣುವಿಗೆ ಅಣುವನ್ನು ಹೆಣೆಯುವುದರ ಫಲವದು. ಡೋಪಾಲಿನ ಗುಣವೂ ಇಂಥದೇ. ಆಲ್ಫಾ-ಸಿನ್ಯೂಕ್ಲೀನಿನಲ್ಲಿ 15 ಲೈಸೀನುಗಳಿರುವುದರಿಂದ ಅದಕ್ಕೆ ಹಿಡಿ ಸುಲಭವಾಗಿ ದೊರೆಯುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಮಿದುಳಿನ ಕಪ್ಪು ಭಾಗಕ್ಕೆ ಡೋಪಾಲನ್ನು ಚುಚ್ಚಿದಾಗ ಈ ಪ್ರೋಟೀನಿನ ಸಣ್ಣ ಗುಂಪುಗಳು ಕಾಣಿಸಿಕೊಂಡವು, ನರಕೋಶಗಳೂ ಸತ್ತವು. ಬೆನೊಮಿಲ್ ಎಂಬ ಶಿಲೀಂಧ್ರನಾಶಕವು ಮೇಲೆ ಹೇಳಿದ ಎರಡನೆಯ ಕಿಣ್ವವನ್ನೇ ತಡೆಯುತ್ತದೆ. ಅದರ ಸಂಪರ್ಕವಿದ್ದವರಲ್ಲಿ ಕಂಪವಾತ ಹೆಚ್ಚೆಂದು ಕ್ಯಾಲಿಫೋರ್ನಿಯದ ಅಧ್ಯಯನವೊಂದು 2013ರಲ್ಲಿ ತಿಳಿಸಿತು. ಭಾರತ ಸರ್ಕಾರ 2018ರಲ್ಲಿ ಈ ವಸ್ತುವನ್ನು ನಿಷೇಧಿಸಿತು.

ಇನ್ನು ಕಪ್ಪು ಬಣ್ಣದ ವಿಚಾರ. ಒಡೆಯದೆ ಉಳಿದ ಡೋಪಮೀನು ಉತ್ಕರ್ಷಣಗೊಂಡು ನ್ಯೂರೋಮೆಲನಿನ್ ಎಂಬ ವರ್ಣದ್ರವ್ಯವಾಗಿ ವರ್ಷಗಳುದ್ದಕ್ಕೂ ಕೋಶದಲ್ಲಿ ಕೂಡಿಕೊಳ್ಳುತ್ತದೆ. ಈ ಕಪ್ಪು ಕೋಶಗಳ ಸಂಖ್ಯೆಯನ್ನು ನಮ್ಮ ಬೆಂಗಳೂರಿನಲ್ಲಿಯೇ ಎಣಿಸಿ ನೋಡಿದ್ದಾರೆ. ಜಯನಗರಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಮಿದುಳು ಬ್ಯಾಂಕು ಸ್ಥಾಪಿತವಾಯಿತು. ಬಂಧುಗಳ ಸಮ್ಮತಿಯಿಂದ ಮೃತರ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಅದೇ ಸಂಸ್ಥೆಯ ಮುಥಾಣೆ, ಯಶಾ ಮತ್ತು ಶಂಕರ್ ಅವರು 1998ರಲ್ಲಿ ಪ್ರಕಟಿಸಿದ ಲೇಖನದಂತೆ, ರೋಗವಿಲ್ಲದ ಭಾರತೀಯರ ಮಿದುಳಿನಲ್ಲಿ ಕಪ್ಪು ಕೋಶಗಳು ಬ್ರಿಟನ್ನಿನವರಿಗಿಂತ ನೂರಕ್ಕೆ ಸುಮಾರು 40ರಷ್ಟು ಕಡಿಮೆ. ಆದರೆ ಬ್ರಿಟನ್ನಿನವರಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು 5ರಂತೆ ಈ ಕೋಶಗಳು ನಶಿಸಿದರೆ, ನಮ್ಮವರಲ್ಲಿ ವಯಸ್ಸಿನೊಡನೆ ಅಂಥ ನಷ್ಟ ಕಾಣಲಿಲ್ಲ. 2009ರಲ್ಲಿ ಫಲ್ಗುಣಿ ಅಲ್ಲಾಡಿ ಮತ್ತು ಸಂಗಡಿಗರು ಸುಧಾರಿತ ವಿಧಾನದಿಂದ ಎಣಿಸಿದಾಗಲೂ ನಷ್ಟ ಕಾಣದೆಂಬುದೇ ಸ್ಥಿರಪಟ್ಟಿತು. ಇದರಿಂದ ಭಾರತೀಯರಿಗೆ ಈ ರೋಗ ಬಾರದೆಂದು ತಿಳಿಯಬಾರದು; ಅದು ಇಲ್ಲಿಯೂ ಉಂಟು. ಆದರೆ ವರ್ಣದ್ರವ್ಯದ ಪ್ರಶ್ನೆ ಮಹತ್ವದ್ದೇ. ಇಲಿಗಳ ಮಿದುಳಿನಲ್ಲಿ ಸಹಜವಾಗಿ ಇಲ್ಲದ ಈ ದ್ರವ್ಯವನ್ನು ಕೃತಕವಾಗಿ ಹೆಚ್ಚಿಸಿದಾಗ ಅವುಗಳಲ್ಲಿ ಕಂಪವಾತದಂಥ ಲಕ್ಷಣಗಳೂ ಗಂಟುಗಳೂ ತಲೆದೋರಿದುವೆಂದು 2019ರಲ್ಲಿ ವರದಿಯಾಯಿತು.

ಡೋಪಮೀನಿನಿಂದ ಇಷ್ಟು ಕೇಡಿದ್ದರೂ ಅದಿಲ್ಲದೆ ಚಲನೆಯೇ ಇಲ್ಲ. ಆದುದರಿಂದಲೇ ವೈದ್ಯರು ರೋಗಿಗೆ ಎಲ್-ಡೋಪ ಕೊಡುತ್ತಾರೆ. ಅದು ಮಿದುಳನ್ನು ಸೇರಿ ಡೋಪಮೀನಾಗುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ಎಲ್-ಡೋಪವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು 1937ರಲ್ಲಿಯೇ ಬೇರ್ಪಡಿಸಿದ್ದರು. ಬೀಜದಲ್ಲಿ ಅದರ ಪ್ರಮಾಣ ಒಂದೇ ಸಮನಾಗಿರದಾದ ಕಾರಣ ತಾವಾಗಿಯೇ ಅದನ್ನು ಸೇವಿಸುವುದು ಅಪಾಯಕರ.

ಎಲ್-ಡೋಪ ನಡುಕವನ್ನೂ ಬಿಗಿತವನ್ನೂ ತಗ್ಗಿಸುತ್ತದೆ. ಕೋಶಗಳ ಸಾವನ್ನು ತಡೆಯದು. ಹಾಗೆ ತಡೆಯುವುದೆಂದು ಸಿದ್ಧಪಟ್ಟ ಔಷಧಿ ಇನ್ನೂ ದೊರೆತಿಲ್ಲ. ಆಲ್ಡಿಹೈಡನ್ನು ಬೇಗನೆ ನಿವಾರಿಸುವುದು, ಪ್ರೋಟೀನುಗಳು ಅಂಟಿಕೊಳ್ಳದಂತೆ ಮಾಡುವುದು, ಇವು ಈಗ ಶೋಧಿಸುತ್ತಿರುವ ಮಾರ್ಗಗಳು. ಬಾಳೆಯ ಸಿಪ್ಪೆ ಕಪ್ಪಾಗುವುದೇಕೆಂದು ಕೇಳುವ ವಿದ್ಯಾರ್ಥಿಗೆ ಈ ಕ್ಷೇತ್ರದಲ್ಲಿ ಮಾಡಬೇಕಾದ ಕೆಲಸ ಬಹಳವಿದೆ.