ಆಟದ ಹಕ್ಕು ಯಾರದು?

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಯಕ್ಷಗಾನದ ಆಟ ನಡೆಯುವೆಡೆ ಇಂದು ಮೊಬೈಲುಗಳೂ ಜಾಗರಣೆ ಮಾಡುತ್ತವೆ. ರಾತ್ರಿ ಕುಣಿದ ವೇಷವು ಬೆಳಗಾಗುವುದರೊಳಗೆ ಯೂಟ್ಯೂಬಿನಲ್ಲಿ ಕಾಣಿಸಿಕೊಳ್ಳುತ್ತದೆ. ಬಯಲಿನಲ್ಲಿ ಪುಕ್ಕಟೆಯಾಗಿ ಕಂಡುದನ್ನು ಹಂಚಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಡಾ. ಶಿವರಾಮ ಕಾರಂತರ ಕೃತಿಗಳ ಕುರಿತು ನಡೆದ ಒಂದು ವ್ಯಾಜ್ಯವು ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಕಾರಂತರು ಯಕ್ಷಗಾನವನ್ನು ಪರಿಷ್ಕರಿಸಿ, ‘ಯಕ್ಷರಂಗ’ವೆಂಬ ನೃತ್ಯನಾಟಕ ರೂಪವೊಂದನ್ನು ನಿರ್ಮಿಸಿದರು. ಅವರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಲು, ಕಾರಂತರ ಉಯಿಲಿನಂತೆ ಹಕ್ಕುಳ್ಳವರು ದಾವೆ ಹೂಡಿದರು. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಆ ಹಕ್ಕನ್ನು ಎತ್ತಿಹಿಡಿಯಿತು.

ಅಭಿಮನ್ಯುವಿನ ಕಥೆಯು ಮಹಾಭಾರತದ್ದಲ್ಲವೇ? ಅಹುದು, ಕಥೆಗೆ ಒಡೆಯರಿಲ್ಲ. ಕಾನೂನು ಕಾಯುವುದು ಕಥೆಯನ್ನಲ್ಲ, ಅದಕ್ಕೆ ಕೃತಿಕಾರನು ಕೊಟ್ಟ ರೂಪವನ್ನು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಬರಹದಲ್ಲಿಯೋ ಬೇರೆ ರೀತಿಯಲ್ಲಿಯೋ ನೆಲೆಗೊಳಿಸಿದ ನೃತ್ಯ ಸಂಯೋಜನೆಯೂ ನಾಟಕ ಕೃತಿಯೇ. ಈ ಹಕ್ಕು ಕರ್ತೃವಿನ ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಅಂದರೆ ಕಾರಂತರ ಕೃತಿಗಳ ಸ್ವಾಮ್ಯವು 2057ರ ಕೊನೆಯವರೆಗೆ ನಿಲ್ಲುವುದು.

ಆದರೆ ಕಾನೂನು ಕೇವಲ ಬೇಲಿಯಲ್ಲ. ಅದರಲ್ಲಿ ತಡಮೆಗಳೂ ಇವೆ. ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರ ಮುಂದೆ ಆಡಬಹುದು. ಶಾಲೆಯ ಕೆಲಸಕಾರ್ಯಗಳ ಅಂಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮವರ ಮತ್ತು ಪೋಷಕರ ಮುಂದೆ ಆಡಬಹುದು. ವಿಮರ್ಶೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಬಹುದು. ಇಂಥ ರಿಯಾಯಿತಿಗಳನ್ನು ಅದೇ ತೀರ್ಪು ಸ್ಪಷ್ಟವಾಗಿ ನೆನಪಿಸಿತು.

ಈಗ ಮೊಬೈಲಿಗೆ ಬರೋಣ. ಶಾಲೆಯ ಅಂಗಳದ ಪ್ರೇಕ್ಷಕರಿಗೆ ಎಲ್ಲೆಯುಂಟು. ಅಂತರ್ಜಾಲದ ಪ್ರೇಕ್ಷಕರಿಗೆ ಎಲ್ಲೆಯಿಲ್ಲ. ಅಲ್ಲಿ ಏರಿಸುವುದು ‘ಸಾರ್ವಜನಿಕರಿಗೆ ತಲುಪಿಸುವ’ ಕ್ರಿಯೆ. ಅದು ಕೃತಿಯ ಒಡೆಯನ ಪ್ರತ್ಯೇಕ ಹಕ್ಕು. ಆದುದರಿಂದ ಆಡುವುದಕ್ಕೆ ದೊರೆತ ರಿಯಾಯಿತಿಯು ಹಂಚುವುದಕ್ಕೂ ದೊರೆಯಿತೆಂದು ನಾವು ಭಾವಿಸಬಾರದು. ಇದಲ್ಲದೆ ಭಾಗವತರಿಗೂ ವೇಷಧಾರಿಗಳಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಬೇರೊಂದು ಹಕ್ಕುಂಟು. ಪ್ರಸಂಗವು ಎಷ್ಟೇ ಹಳೆಯದಾಗಿರಲಿ, ಅದನ್ನು ಹಾಡಿದ ಕಂಠವು ಇಂದಿನದು!

ಒಡೆಯನು ಲಿಖಿತವಾಗಿ ದೂರು ಕೊಟ್ಟರೆ, ತಾಣವನ್ನು ನಡೆಸುವವರು 21 ದಿನಗಳ ಕಾಲ ಆ ದೃಶ್ಯವನ್ನು ತಡೆಹಿಡಿಯಬೇಕು. ಅಷ್ಟರಲ್ಲಿ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ಕರ್ತೃವಿನ ಹೆಸರನ್ನು ಕೆಳಗೆ ಬರೆದ ಮಾತ್ರಕ್ಕೆ ಅನುಮತಿ ಪಡೆದಂತಾಗದು. ಹೆಸರಿಸುವುದು ಸೌಜನ್ಯ, ಕೇಳಿ ಪಡೆಯುವುದು ನ್ಯಾಯ. ಇರುಳಿಡೀ ಕುಣಿದು ದುಡಿಯುವ ಕಲಾವಿದನ ಅನ್ನವು ಈ ಭೇದವನ್ನು ಅವಲಂಬಿಸಿದೆ ಎಂಬುದನ್ನು ನಾವು ಮರೆಯಲಾಗದು.