ಇಂದಿನ ಧಮ್ಮ ಚಿಂತನೆ: ಮೊದಲು ಸೂರು



1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ನೌಕರಿ ಇತ್ತು, ಉಳಿಯಲು ಜಾಗ ಇರಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ರಾತ್ರಿಯ ರೈಲಿನ ಹೊತ್ತಿನವರೆಗೆ ಅವರು ಹೆಚ್ಚಿನ ಸಮಯ ಕಳೆದದ್ದು ಒಂದು ಸಾರ್ವಜನಿಕ ಉದ್ಯಾನದಲ್ಲಿ.

ಈ ಪ್ರಸಂಗವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಕಣ್ಣು ತುಂಬಿಕೊಂಡೇ. ಅದೇ ತರಗತಿಯ ಒಬ್ಬ ಹುಡುಗನನ್ನು ಹೋಂವರ್ಕ್ ಮಾಡಿಲ್ಲವೆಂದು ದಿನಾ ನಿಲ್ಲಿಸುತ್ತಿದ್ದೆ. ಅವನೂ ಅವನ ತಾಯಿಯೂ ಬಸ್ ನಿಲ್ದಾಣದ ಪಕ್ಕದ ಅಂಗಡಿ ಕಟ್ಟೆಯ ಮೇಲೆ ಮಲಗುತ್ತಾರೆಂದು ತಿಳಿದದ್ದು ಮೂರು ತಿಂಗಳ ಮೇಲೆ. ಅದೂ ಬೇರೆಯವರಿಂದ.

ವಸತಿರಹಿತರ ಆಶ್ರಯ ಕೇಂದ್ರದ ಕಾರ್ಯಕರ್ತೆಯೊಬ್ಬರ ಜೊತೆ ಒಂದು ರಾತ್ರಿ ಅಲ್ಲಿಗೆ ಹೋದೆ. ತಾಯಿ ಬರಲು ಒಪ್ಪಲಿಲ್ಲ. ನಾನು ಮೇಷ್ಟ್ರ ಗತ್ತಿನಲ್ಲಿ ಬುದ್ಧಿ ಹೇಳತೊಡಗಿದೆ. "ಸರ್, ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ" ಎಂದರು ಆಕೆ. ಟೀ ತರಿಸಿದರು. ಗಂಟುಮೂಟೆ ಎಲ್ಲಿಡೋದು, ಮಗನನ್ನು ಗಂಡಸರ ಕಡೆ ಕಳಿಸಿಬಿಡ್ತಾರಾ ಎಂಬ ಆ ತಾಯಿಯ ಭಯಗಳನ್ನೆಲ್ಲ ಕೇಳಿಸಿಕೊಂಡರು. ಅಂದು ಅಷ್ಟೇ. ಇಬ್ಬರೂ ಕೇಂದ್ರಕ್ಕೆ ಬಂದದ್ದು ನಾಲ್ಕನೇ ಭೇಟಿಯಲ್ಲಿ.

ಆಳವಿ ಊರಿನ ಬಡವನ ಕಥೆ ನಿಮಗೆ ನೆನಪಿರಬಹುದು. ತಪ್ಪಿಸಿಕೊಂಡ ಎತ್ತನ್ನು ಹುಡುಕಿ, ಹಸಿದು, ತಡವಾಗಿ ಬಂದ ಅವನಿಗೆ ಬುದ್ಧರು ಮೊದಲು ಊಟ ಹಾಕಿಸಿದರು, ಆಮೇಲೆ ಉಪದೇಶ. ಭಿಕ್ಕುಗಳಿಗೇ ಇದು ವಿಚಿತ್ರವೆನಿಸಿತ್ತು! 2008ರಿಂದ ಫಿನ್ಲೆಂಡ್ ದೇಶ ಮನೆಯ ವಿಷಯದಲ್ಲಿ ಹಿಡಿದದ್ದೂ ಇದೇ ಕ್ರಮ. ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎಂಬ ಷರತ್ತು ತೆಗೆದು, ಮೊದಲು ಮನೆಯ ಬೀಗದಕೈ ಕೊಟ್ಟರು. ಉಳಿದ ಸಹಾಯ ಆ ಮನೆಗೇ ಹೋಗುತ್ತದೆ.

ನಮ್ಮಲ್ಲೂ ದಾರಿಗಳಿವೆ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮನೆಯಿಲ್ಲದವರೂ ಮತದಾರರಾಗಬಹುದು. ಅವರು ಹೇಳಿದ ಜಾಗದಲ್ಲೇ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಹೋಗಿ ನೋಡಬೇಕು, ವಿಳಾಸದ ದಾಖಲೆ ಕೇಳುವಂತಿಲ್ಲ. ಇದು ನನಗೇ ಗೊತ್ತಿರಲಿಲ್ಲ, ಚುನಾವಣಾ ಕೆಲಸಕ್ಕೆ ಎಷ್ಟೋ ಸಲ ಹೋದವನು ನಾನು.

ತಾಯಿಗೆ ಈಗ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ. ಬಾಡಿಗೆ ಕೋಣೆ ಹುಡುಕುತ್ತಿದ್ದೇವೆ. ಐದು ಕಡೆ ಕೇಳಿದೆವು, ಮೂರು ಕಡೆ ಎರಡನೇ ಪ್ರಶ್ನೆಯೇ "ಯಾವ ಜನ?" ಉಳಿದೆರಡು ಕಡೆ ಅಡ್ವಾನ್ಸ್ ಕೈಗೆಟುಕಲಿಲ್ಲ. ನಮ್ಮ ಬಳಗದಲ್ಲಿ ಕೋಣೆ ಇರುವವರು, ಅಡ್ವಾನ್ಸಿಗೆ ಕೈಜೋಡಿಸಬಲ್ಲವರು ಭಾನುವಾರ ವಂದನೆ ಮುಗಿದ ಮೇಲೆ ದಯವಿಟ್ಟು ನನ್ನ ಹತ್ತಿರ ಮಾತಾಡಿ.

ಜೈ ಭೀಮ್.